ದಕ್ಕೆಯಲ್ಲಿ ಹುಲಿ, ದೊಡ್ಡ ಹೋಟೆಲಿನಲ್ಲಿ ಇಲಿ!

ಬೆಳಗಿನ ಜಾವ. ಮಂಗಳೂರಿನ ಹಳೆ ಬಂದರಿನ ದಕ್ಕೆ. ಬೋಟಿನಿಂದ ಮೀನಿನ ಬುಟ್ಟಿ ಇಳಿಯುವುದೇ ತಡ, ಗದ್ದಲ ಶುರು. "ಇದೆಂತ ರೇಟು ಮಾರಾಯ್ತಿ, ಚಿನ್ನ ಮಾರುವುದಾ ನೀನು?" ಎಂದು ಒಬ್ಬರು. "ಬೇಕಾದ್ರೆ ತಗೊಳ್ಳಿ, ಇಲ್ಲದಿದ್ರೆ ದಾರಿ ಬಿಡಿ" ಎಂದು ಮೀನಿನಾಕೆ. ಕಿವಿರು ಎತ್ತಿ ಕೆಂಪಗಿದೆಯೋ ಎಂದು ನೋಡುವವರು, ಹೊಟ್ಟೆ ಒತ್ತಿ ಗಟ್ಟಿಯಿದೆಯೋ ಎಂದು ಪರೀಕ್ಷಿಸುವವರು, 20 ರೂಪಾಯಿಗಾಗಿ ಹತ್ತು ನಿಮಿಷ ಜಗ್ಗಾಡುವವರು. ಇಲ್ಲಿ ಯಾರಿಗೂ ನಾಚಿಕೆಯಿಲ್ಲ. ಕೇಳದವನೇ ಇಲ್ಲಿ ಪೆದ್ದ.

ಅದೇ ಜನ, ಅದೇ ವಾರದ ಶನಿವಾರ ರಾತ್ರಿ, ನಗರದ ಯಾವುದಾದರೊಂದು ಮೇಲ್ದರ್ಜೆಯ ಗ್ರಿಲ್‌ಗೆ ಹೋಗುತ್ತಾರೆ. ಎ.ಸಿ.ಯ ತಂಪು, ಮಂದ ಬೆಳಕು, ಮೇಜಿನ ಮೇಲೆ ಹೂವಿನ ಹಾಗೆ ಮಡಚಿಟ್ಟ ಬಟ್ಟೆ. ಕಪ್ಪು ಕೋಟಿನ ಮಾಣಿ ಬಗ್ಗಿ "ಗುಡ್ ಈವ್ನಿಂಗ್ ಸಾರ್" ಎಂದದ್ದೇ ತಡ, ದಕ್ಕೆಯ ಹುಲಿ ಇಲಿಯಾಗಿ ಕೂತುಬಿಡುತ್ತದೆ. ಬೆಲೆ ಕೇಳಲು ನಾಚಿಕೆ, ತೂಕ ಕೇಳಲು ಸಂಕೋಚ, ಬಿಲ್ಲು ಬಂದಾಗ ಮೌನ. ಮನೆಗೆ ಬಂದ ಮೇಲೆ ಮಾತ್ರ ರಾತ್ರಿಯಿಡೀ ಗೊಣಗಾಟ.

ಇಂಥ ಒಂದು ಮೇಜಿನ ಚಿತ್ರ ನೋಡಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ತಂದೆ, ಮೀನಿನ ವಿಷಯದಲ್ಲಿ ಇಡೀ ಬೀದಿಗೆ ಸಲಹೆ ಕೊಡುವ ತಾಯಿ, ದುಬಾಯಿಯಿಂದ ರಜೆಯಲ್ಲಿ ಬಂದ ಮಗ, ಸೊಸೆ. "ಇವತ್ತು ಅಮ್ಮನಿಗೆ ಅಡುಗೆಮನೆಗೆ ರಜೆ" ಎಂದು ಮಗನ ಹಟ. ತಾಯಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಿದ್ದಾರೆ. ಹೆಸರು ಬೇಡ, ನಗರದಲ್ಲಿ ಇಂಥ ಕುಟುಂಬಗಳು ನೂರಾರು.

ಬೆಲೆಯ ಜಾಗದಲ್ಲಿ ಮೂರು ಅಕ್ಷರ

ಮೆನು ಕಾರ್ಡು ಬರುತ್ತದೆ. ಮದುವೆಯ ಆಲ್ಬಮ್ಮಿನಷ್ಟು ದಪ್ಪ. ಸೂಪಿಗೆ ಬೆಲೆಯಿದೆ, ಕೋಳಿಗೆ ಬೆಲೆಯಿದೆ, ಐಸ್‌ಕ್ರೀಮಿಗೂ ಇದೆ. ಮಾಂಜಿ, ಏಡಿ, ದೊಡ್ಡ ಸಿಗಡಿ, ಇಡೀ ಮೀನು ಇವುಗಳ ಮುಂದೆ ಮಾತ್ರ ಅಂಕಿ ಇಲ್ಲ. ಆ ಜಾಗದಲ್ಲಿ ‘ಎ.ಪಿ.ಎಸ್.’ ಎಂಬ ಮೂರು ಅಕ್ಷರ. ‘ಆಸ್ ಪರ್ ಸೈಜ್’, ಅಂದರೆ ಗಾತ್ರಕ್ಕೆ ತಕ್ಕ ಬೆಲೆ. ಗಾತ್ರ ಎಷ್ಟು, ಬೆಲೆ ಎಷ್ಟು, ಅದು ದೇವರಿಗೂ ಮಾಣಿಗೂ ಮಾತ್ರ ಗೊತ್ತು.

ಅಷ್ಟರಲ್ಲಿ ಮಂಜುಗಡ್ಡೆಯ ಹಾಸಿನ ಮೇಲೆ ಮೀನು ಮಲಗಿಸಿದ ತಟ್ಟೆ ಬರುತ್ತದೆ. "ಸಾರ್, ಇದು ಹಮೂರ್, ಫ್ರೆಶ್. ಗ್ರಿಲ್ ಮಾಡಿಸ್ಲಾ?" ಎನ್ನುತ್ತಾನೆ ಮಾಣಿ. ದುಬಾಯಿಯ ಮಗನ ಮುಖ ಅರಳುತ್ತದೆ. "ಹಮೂರ್ ಎಂತ, ನಮ್ಮ ಮುರು ಅಲ್ವಾ ಇದು?" ಎಂದು ತಾಯಿ ಮೆಲ್ಲಗೆ. ತಾಯಿಯ ಕೈ ಅಭ್ಯಾಸಬಲದಿಂದ ಕಿವಿರಿನ ಕಡೆ ಹೋಗುತ್ತದೆ. "ಅಮ್ಮ, ಇಲ್ಲಿ ಹಾಗೆಲ್ಲ ಮುಟ್ಟಿ ನೋಡುವುದಲ್ಲ" ಎಂದು ಮಗ ಪಿಸುಗುಟ್ಟುತ್ತಾನೆ. ಕೈ ಮೇಜಿನ ಕೆಳಗೆ ಸೇರುತ್ತದೆ.

ತಂದೆಗೂ ಬಾಯಿ ತುದಿಯಲ್ಲಿ ಒಂದು ಪ್ರಶ್ನೆ ಇದೆ: ತೂಕ ಎಷ್ಟು? ಆದರೆ ಪಕ್ಕದ ಮೇಜಿನವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾರೆ. ಕೇಳಿದರೆ ಮಗನ ಮರ್ಯಾದೆ ಹೋದೀತು ಎಂಬ ಹೆದರಿಕೆ. ಪ್ರಶ್ನೆ ಗಂಟಲಲ್ಲೇ ಮುಳ್ಳಾಗಿ ನಿಲ್ಲುತ್ತದೆ.

ಎ.ಪಿ.ಎಸ್. ಮೋಸವೇ?

ಹಾಗೆಂದು ಹೋಟೆಲಿನವರನ್ನು ಒಂದೇ ಏಟಿಗೆ ಕಟಕಟೆಗೆ ಹತ್ತಿಸುವುದೂ ನ್ಯಾಯವಲ್ಲ. ಗಾತ್ರಕ್ಕೆ ತಕ್ಕ ಬೆಲೆ ಎಂಬುದರಲ್ಲಿ ಅರ್ಥವಿದೆ. ಮೀನೇನು ಬಿಸ್ಕತ್ತಿನ ಪೊಟ್ಟಣವಲ್ಲ, ಎಲ್ಲ ಒಂದೇ ಅಳತೆಯಲ್ಲಿ ಬರಲು. ಒಂದು ಮೀನು ಮುಕ್ಕಾಲು ಕಿಲೊ ಇದ್ದರೆ ಇನ್ನೊಂದು ಎರಡು ಕಿಲೊ. ದಕ್ಕೆಯ ರೇಟೂ ದಿನಕ್ಕೊಂದು ಬಗೆ. ಇವತ್ತಿನ ಬೆಲೆಯನ್ನು ವರ್ಷಕ್ಕೊಮ್ಮೆ ಅಚ್ಚಾಗುವ ಕಾರ್ಡಿನಲ್ಲಿ ಹಾಕುವುದು ಹೇಗೆ?

ಮಳೆಗಾಲದ ಕಥೆಯಂತೂ ಬೇರೆಯೇ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಮೀನು ಮರಿ ಮಾಡುವ ಕಾಲ ಎಂಬುದು ಕಾರಣ. ಆಗ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ತನಕ. ಹಾಗಾಗಿ ಜೂನ್ ಮಧ್ಯದ ನಂತರ ಆ ಕಡೆಯ ಮೀನು ಮಂಜುಗಡ್ಡೆಯಲ್ಲಿ ಹುದುಗಿ ಲಾರಿಯಲ್ಲಿ ಈ ಕಡೆ ಬರುತ್ತದೆ. ಉಳಿದದ್ದು ಶೀತಲಗೃಹದ ಮಾಲು. ಜುಲೈ ತಿಂಗಳ ನಡುವೆ ದೊಡ್ಡ ಮೀನನ್ನು ತೋರಿಸಿ "ಬೆಳಿಗ್ಗೆಯಷ್ಟೇ ದಕ್ಕೆಯಿಂದ ಬಂದದ್ದು ಸಾರ್" ಎಂದರೆ ಒಂದು ಮುಗುಳ್ನಗೆ ಬೀರಿ ಮುಂದಿನ ಪ್ರಶ್ನೆ ಕೇಳುವುದು ಲೇಸು. ಶೀತಲಗೃಹದ ಮೀನು ಕೆಟ್ಟದ್ದೆಂದಲ್ಲ. ಸರಿಯಾಗಿ ಹೆಪ್ಪುಗಟ್ಟಿಸಿದ್ದು ಬಿಸಿಲಲ್ಲಿ ಒಣಗಿದ ‘ಫ್ರೆಶ್’ ಮೀನಿಗಿಂತ ವಾಸಿ. ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಹೋಟೆಲಿನವರಿಗೂ ಖರ್ಚಿಲ್ಲವೆ? ಬಾಡಿಗೆ, ಕರೆಂಟು, ಇದ್ದಿಲು, ಅಡುಗೆಯವರ ಸಂಬಳ, ಮಾರಾಟವಾಗದೆ ಉಳಿದ ಮೀನಿನ ನಷ್ಟ. ದಕ್ಕೆಯ ರೇಟಿಗೇ ಮೇಜಿನ ಮೇಲೆ ಮೀನು ಸಿಗಬೇಕೆಂದು ಯಾರೂ ಹೇಳುವುದಿಲ್ಲ. ತಕರಾರು ಬೆಲೆ ಹೆಚ್ಚೆಂದಲ್ಲ, ಬೆಲೆ ಮೊದಲೇ ಗೊತ್ತಾಗುವುದಿಲ್ಲ ಎಂಬುದು.

ಮೂರು ಪ್ರಶ್ನೆ, ಮೂರು ನಿಮಿಷ

ಬಲ್ಲವರು ಹೇಳುವ ಪ್ರಕಾರ ಮೀನು ಒಲೆಗೆ ಹೋಗುವ ಮುಂಚೆ ಕೇಳಬೇಕಾದದ್ದು ಮೂರೇ ಪ್ರಶ್ನೆ. ಒಂದು, ಬೆಲೆ ನೂರು ಗ್ರಾಮಿಗೋ, ಕಿಲೊಗೋ, ಇಡೀ ಮೀನಿಗೋ? ಎರಡು, ತೂಕ ಎಷ್ಟು, ಅದು ಹೊಟ್ಟೆ ತೆಗೆಯುವ ಮೊದಲಿನದೋ ತೆಗೆದ ಮೇಲಿನದೋ? ಮೂರು, ಮಸಾಲೆ, ಸಾಸು, ಜತೆಗೆ ಬರುವ ಅನ್ನ-ತರಕಾರಿ ಇದರಲ್ಲೇ ಸೇರಿದೆಯೋ, ಬೇರೆಯೋ?

ಒಂದು ಲೆಕ್ಕ ಹಾಕಿ ನೋಡಬಹುದು. ನೂರು ಗ್ರಾಮಿಗೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಕೇಳಲು ಏನೂ ಅಲ್ಲ, ಅಗ್ಗವೆಂದೇ ತೋರುತ್ತದೆ. 1,200 ಗ್ರಾಮಿನ ಮೀನಿಗೆ ಅದು 3,000 ರೂಪಾಯಿ. ತೂಕದಲ್ಲಿ 200 ಗ್ರಾಂ ಹೆಚ್ಚುಕಮ್ಮಿಯಾದರೆ 500 ರೂಪಾಯಿಯ ವ್ಯತ್ಯಾಸ. ಇದು ಅಂದಾಜಿಗೆ ಬಿಡುವ ಸಂಗತಿಯಲ್ಲ, ತಕ್ಕಡಿಯ ಮೇಲೆ ತೀರ್ಮಾನವಾಗಬೇಕಾದದ್ದು.

ಬೆಂದ ಮೇಲೆ ತೂಗಿ ಜಗಳ ತೆಗೆದರೆ ಪ್ರಯೋಜನವಿಲ್ಲ. ಕಾವಿಗೆ ಮೀನಿನ ನೀರು ಹೋಗಿ ತೂಕ ಇಳಿಯುವುದು ಸಹಜ. ಆದ್ದರಿಂದ ನೋಡುವುದಿದ್ದರೆ ಹಸಿಯಲ್ಲೇ ನೋಡಬೇಕು. ತೂಕದ ಮೇಲೆ ದುಡ್ಡು ತೆಗೆದುಕೊಳ್ಳುವ ಯಾವ ವ್ಯಾಪಾರಿಯಾದರೂ ಸರಿ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಮಾರ್ಕೆಟಿನ ಮೀನಿನಾಕೆಗೊಂದು ನ್ಯಾಯ, ಎ.ಸಿ. ಹೋಟೆಲಿಗೊಂದು ನ್ಯಾಯ ಎಂಬುದಿಲ್ಲ.

ಹೆಸರಿನ ಮಹಿಮೆ

ಇನ್ನು ಹೆಸರಿನ ವಿಷಯ. ಕಾರ್ಡಿನಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಕಂಡರೆ ನಾರ್ವೆಯ ನೆನಪಾಗಬೇಕಿಲ್ಲ. ಅದು ನಮ್ಮ ಕಡಲಿನ ರಾವಸ್. ರುಚಿಯಾದ ಮೀನೇ ಹೌದು, ಆದರೆ ಸಾಲ್ಮನ್ ವಂಶಕ್ಕೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅಸಲಿ ಸಾಲ್ಮನ್ ನಮ್ಮ ಬೆಚ್ಚನೆಯ ನೀರಿನಲ್ಲಿ ಬದುಕುವ ಪ್ರಾಣಿಯೇ ಅಲ್ಲ. ಹೊರದೇಶದಿಂದ ವಿಮಾನದಲ್ಲಿ ಬಂದು ಸುಂಕ ಕಟ್ಟಿ ತಟ್ಟೆಗೆ ಇಳಿಯುವಂಥದ್ದು. ‘ಬಾಸಾ’ ಎಂಬ ಬೆಳ್ಳಗಿನ, ಮುಳ್ಳಿಲ್ಲದ ತುಂಡು ಕಡಲಿನದ್ದೇ ಅಲ್ಲ. ವಿಯೆಟ್ನಾಮಿನ ಮೆಕಾಂಗ್ ನದಿ ಬಯಲಿನ ಕೆರೆಗಳಲ್ಲಿ ಸಾಕುವ ಸಿಹಿನೀರಿನ ಮೀನು ಅದು. ಕಡಲ ದಂಡೆಯಲ್ಲಿ ಕೂತು, ಬಂಗುಡೆ-ಬೂತಾಯಿಯ ಊರಿನವರು, ‘ಸೀ ಫುಡ್’ ಎಂಬ ಶೀರ್ಷಿಕೆಯ ಕೆಳಗೆ ಕೆರೆ ಮೀನು ತಿಂದು ಬಾಯಿ ಚಪ್ಪರಿಸುವುದು ಕಲಿಗಾಲದ ಮಹಿಮೆ!

ಸಿಗಡಿಯೂ ಅಷ್ಟೆ. ‘ವನಾಮಿ’ ಎಂಬ ಬಿಳಿ ಸಿಗಡಿ ಪೆಸಿಫಿಕ್ ಸಾಗರದ ಆಚೆ ದಡದ ತಳಿ. 2009ರಿಂದ ನಮ್ಮ ದೇಶದ ಕೆರೆಗಳಲ್ಲಿ ಅದರ ಸಾಕಣೆಗೆ ದಾರಿಯಾಯಿತು. ಕಡಲ ಸಿಗಡಿಗೂ ಸಾಕಿದ ಸಿಗಡಿಗೂ ರುಚಿಯಲ್ಲಿ, ಬೆಲೆಯಲ್ಲಿ ಅಂತರವಿದೆ. ಕೇಳಿದರೆ ಮಾಣಿ ಹೇಳುತ್ತಾನೆ. ಕೇಳದಿದ್ದರೆ ಅವನೇಕೆ ಹೇಳಬೇಕು?

ಸ್ಟೀಕು ಎಂಬ ಒಗಟು

ಇಂಥ ಹೋಟೆಲುಗಳ ಬೋರ್ಡಿನ ಮೇಲೆ ‘ಸ್ಟೀಕ್ ಅಂಡ್ ಸೀ ಫುಡ್’ ಎಂದು ಇರುತ್ತದೆ. ಸ್ಟೀಕು ಎಂದರೆ ಎಂತದು? ಬಹಳ ಮಂದಿಗೆ ಇದೊಂದು ಒಗಟು. ಮೂಲತಃ ಅದು ದಪ್ಪನೆ ಕೊಯ್ದ ಮಾಂಸದ ಹೋಳು, ಕೆಂಡದ ಮೇಲೋ ಕಾದ ಕಬ್ಬಿಣದ ಮೇಲೋ ಸುಟ್ಟದ್ದು. ಹಾಗೆ ನೋಡಿದರೆ ನಮ್ಮ ಮನೆಗಳಲ್ಲಿ ಅಡ್ಡಡ್ಡ ಕೊಯ್ದು ಕಾವಲಿಯ ಮೇಲೆ ಹುರಿಯುವ ಅಂಜಲ್ ತುಂಡೂ ಸ್ಟೀಕೇ. ಅಜ್ಜಿಯರು ಹೆಸರು ಇಡದೆ ಮಾಡಿದರು, ಅಷ್ಟೇ ವ್ಯತ್ಯಾಸ.

ಹೊರದೇಶದ ಸಿನಿಮಾದಲ್ಲಿ ಕಾಣುವ ಬೀಫ್ ಸ್ಟೀಕಿನ ನಿರೀಕ್ಷೆಯಲ್ಲಿ ಹೋದವರು ಮಾತ್ರ ನಿಜಸಂಗತಿ ತಿಳಿದಿರಬೇಕು. ದೇಶಕ್ಕೆ ಬೀಫ್ ಆಮದಿಗೆ ನಿಷೇಧವಿದೆ. ಕರ್ನಾಟಕದಲ್ಲಿ 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಕಾಯದೆಯಾದ ನಿಯಮದಂತೆ ಹಸು, ಕರು, ಎತ್ತು ಯಾವುದನ್ನೂ ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ. 13 ವರ್ಷ ದಾಟದ ಎಮ್ಮೆ-ಕೋಣಕ್ಕೂ ಅದೇ ರಕ್ಷಣೆ. ಅದಕ್ಕೂ ಹಿಂದಿನ 1964ರ ಕಾಯದೆಯಲ್ಲಿ ವಯಸ್ಸಾದ ಎತ್ತಿಗೆ ಇದ್ದ ಅವಕಾಶವೂ ಈಗಿಲ್ಲ. ಹಾಗಾಗಿ ರಾಜ್ಯದ ಮಾಲಿನಿಂದ ಕಾನೂನುಬದ್ಧವಾಗಿ ಈ ಹೆಸರಿನ ಸ್ಟೀಕು ಸಿಗುವುದಿದ್ದರೆ ಅದು ವಯಸ್ಸಾದ ಎಮ್ಮೆ-ಕೋಣದ್ದು. ಬಹುಪಾಲು ಹೋಟೆಲುಗಳು ಈ ತಂಟೆಯೇ ಬೇಡವೆಂದು ಕೋಳಿ, ಕುರಿ, ಹಂದಿ, ಮೀನಿಗೆ ಒಲಿದಿವೆ.

ವಯಸ್ಸಾದ ಪ್ರಾಣಿಯ ಮಾಂಸ ಗಟ್ಟಿ. ಅದಕ್ಕೇ ‘ಅಂಡರ್‌ಕಟ್’ಗೆ ಬೇಡಿಕೆ. ಅದು ಬೆನ್ನುಮೂಳೆಯ ಒಳಬದಿಗೆ ಅಂಟಿದ, ಹೆಚ್ಚು ಕೆಲಸ ಮಾಡದ ಸ್ನಾಯು. ಆದ್ದರಿಂದ ಮೆತ್ತಗೆ ಉಳಿಯುತ್ತದೆ. ಮಾಣಿ "ಹೇಗೆ ಬೇಯಿಸ್ಲಿ, ಮೀಡಿಯಮ್ಮಾ, ವೆಲ್ ಡನ್ನಾ?" ಎಂದು ಕೇಳುವುದರ ಅರ್ಥ ಇಷ್ಟೇ: ಒಳಗಿನ ಶಾಖ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿದರೆ ಒಳಗೆ ನಸುಗೆಂಪು, ರಸ ಉಳಿದಿರುತ್ತದೆ. 70 ದಾಟಿದರೆ ಪೂರ್ತಿ ಬೆಂದು ಗಟ್ಟಿಯಾಗುತ್ತದೆ. ಮರ್ಯಾದೆಗೆಂದು ‘ಮೀಡಿಯಮ್’ ಎಂದು ಹೇಳಿ, ಕೆಂಪು ಕಂಡು ಹೆದರಿ ತಟ್ಟೆ ದೂಡಿದವರು ನಗರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಚೆನ್ನಾಗಿ ಬೇಯಿಸಿ ಎಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ತಿನ್ನುವ ಬಾಯಿ ಯಾರದ್ದೋ ಮಾತೂ ಅವರದ್ದೇ.

ಬಿಲ್ಲಿನ ಬಾಲ

ಊಟದ ಕಡೆಯ ಪದಾರ್ಥ ಬಿಲ್ಲು. ಚರ್ಮದ ಹೊದಿಕೆಯ ಪುಸ್ತಕದೊಳಗೆ ಅಡಗಿ, ಸೋಂಪಿನ ಜತೆ ಬರುತ್ತದೆ. ಮೊತ್ತದ ಕೆಳಗೆ ಬಾಲಗಳು ಎರಡು.

ಮೊದಲನೆಯದು ಜಿ.ಎಸ್.ಟಿ. ಇದು ಸರಕಾರದ ತೆರಿಗೆ, ತಪ್ಪಿಸಲಾಗದು. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ, ಎ.ಸಿ. ಇರಲಿ ಬಿಡಲಿ, ಶೇಕಡಾ 5. ದಿನಬಾಡಿಗೆ 7,500 ರೂಪಾಯಿ ಮೀರಿದ ಕೊಠಡಿಗಳಿರುವ ದೊಡ್ಡ ಹೋಟೆಲಿನೊಳಗಿನ ಊಟದ ಮನೆಯಾದರೆ ಶೇಕಡಾ 18. ಮದ್ಯ ಜಿ.ಎಸ್.ಟಿ.ಯ ಹೊರಗಿದೆ. ಬಾಟಲಿ ನೀರಿನ ವಿಷಯದಲ್ಲಿ ಗಿರಾಕಿಗೆ ಕಹಿ ಸುದ್ದಿ: ಹೋಟೆಲಿನಲ್ಲಿ ಕೂತು ಕುಡಿಯುವ ನೀರಿಗೆ ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬೇಡದವರು ಮಾಮೂಲು ನೀರು ಕೇಳಬಹುದು.

ಎರಡನೆಯ ಬಾಲ ಸರ್ವಿಸ್ ಚಾರ್ಜು. ಇದೇ ಜಾಣತನದ ಬಾಲ. ಜಿ.ಎಸ್.ಟಿ.ಯ ಪಕ್ಕದಲ್ಲೇ ಗಂಭೀರವಾಗಿ ನಿಂತಿರುವುದರಿಂದ ಇದೂ ಸರಕಾರಕ್ಕೇ ಹೋಗುವ ದುಡ್ಡು ಎಂದು ಶ್ರೀಸಾಮಾನ್ಯ ನಂಬುತ್ತಾನೆ. ಅಲ್ಲ. ಇದು ಹೋಟೆಲಿನ ಗಲ್ಲಾಪೆಟ್ಟಿಗೆಗೆ. ಇದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲಿಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು: ಕಡ್ಡಾಯವಾಗಿ ವಸೂಲು ಮಾಡುವಂತಿಲ್ಲ, ಗಿರಾಕಿ ತಾನಾಗಿ ಕೊಟ್ಟರೆ ಬೇರೆ ಮಾತು. ಸಂಘಗಳು ಇದರ ಮೇಲೆ ಮೇಲ್ಮನವಿಗೂ ಹೋದವು.

ಮೇಲಿನ ಲೆಕ್ಕಕ್ಕೇ ಬಂದರೆ, 3,000 ರೂಪಾಯಿಯ ಮೀನಿಗೆ ಶೇಕಡಾ 10 ಸರ್ವಿಸ್ ಚಾರ್ಜು ಸೇರಿದರೆ 3,300. ಅದರ ಮೇಲೆ ಶೇಕಡಾ 5 ತೆರಿಗೆ, 165. ಒಟ್ಟು 3,465. ಸರ್ವಿಸ್ ಚಾರ್ಜು ಇಲ್ಲದಿದ್ದರೆ 3,150. ವ್ಯತ್ಯಾಸ 315 ರೂಪಾಯಿ. ಕೊಡಬೇಕಿಲ್ಲದ ದುಡ್ಡಿನ ಮೇಲೂ ತೆರಿಗೆ ಕೊಟ್ಟಂತಾಯಿತು! ತೆಗೆಯಲು ಹೇಳಿದರೂ ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕೆಂಬುದೂ 2022ರ ಜನವರಿಯಿಂದ ನಿಯಮ. ಕಣ್ಣಾಡಿಸಿದರೆ ನಷ್ಟವಿಲ್ಲ.

ಮಾಣಿಯ ಪಾಡೂ ಇದೆ

ಇಷ್ಟೆಲ್ಲ ಹೇಳಿ ಸಿಟ್ಟನ್ನು ಮಾಣಿಯ ಮೇಲೆ ತೀರಿಸಿಕೊಳ್ಳುವುದು ಸಲ್ಲ. ಅವನು ಬೆಲೆ ಬರೆದವನಲ್ಲ, ಬಾಲ ಅಂಟಿಸಿದವನೂ ಅಲ್ಲ. ರಾತ್ರಿ ಹನ್ನೊಂದರ ತನಕ ನಿಂತೇ ಇದ್ದು, ಊಟ ಮುಗಿಸಿದವರ ಮುಖ ನೋಡುವ ಕೆಲಸ ಅವನದ್ದು. ಸರ್ವಿಸ್ ಚಾರ್ಜು ಅವನ ಕೈಗೆ ಎಷ್ಟು ಸೇರುತ್ತದೆಂಬುದು ಮಾಲಿಕರ ಮರ್ಜಿ. ಅವನ ಸೇವೆ ಮೆಚ್ಚಿಗೆಯಾದರೆ ಅವನ ಕೈಯಲ್ಲೇ ಕೊಡುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ.

ಮತ್ತೆ ಆ ಮೇಜಿಗೆ

ತಂದೆಯ ಗಂಟಲಲ್ಲಿ ಸಿಕ್ಕಿಕೊಂಡ ಪ್ರಶ್ನೆ ಏನಾಯಿತು? ಅದನ್ನು ಹೊರಗೆ ತೆಗೆದದ್ದು ತಾಯಿ. ಮಂಜುಗಡ್ಡೆಯ ತಟ್ಟೆ ಇನ್ನೇನು ಅಡುಗೆಮನೆಗೆ ತಿರುಗಬೇಕು, ಆಗ ಆಕೆ ಮೇಜಿನ ಕೆಳಗಿನಿಂದ ಕೈ ತೆಗೆದರು. "ತಮ್ಮಾ, ಸ್ವಲ್ಪ ನಿಲ್ಲು. ಇದು ತಕ್ಕಡಿಯಲ್ಲಿ ಎಷ್ಟು ಬಂತು?"

ಮಗ ತಲೆ ತಗ್ಗಿಸಿದ. ಸೊಸೆ ನೀರು ಕುಡಿದಳು. ಮಾಣಿ ಮಾತ್ರ ಬೆಚ್ಚಲಿಲ್ಲ. "ಒಂದು ಕಿಲೊ ಇನ್ನೂರು ಗ್ರಾಂ ಅಮ್ಮಾ. ಬೇಕಾದ್ರೆ ತೂಗಿ ತೋರಿಸ್ತೇನೆ" ಎಂದ, ಇಷ್ಟು ಹೊತ್ತು ಮರೆಯಾಗಿದ್ದ ಊರಿನ ಕನ್ನಡದಲ್ಲಿ. "ನಾಲ್ಕು ಜನಕ್ಕೆ ಇಷ್ಟು ದೊಡ್ಡದು ಎಂತಕ್ಕೆ? ಚಿಕ್ಕದು ಉಂಟಾ?" "ಉಂಟಮ್ಮಾ, ಎಂಟುನೂರರದ್ದು." "ಹಾಂ, ಅದು ಮಾಡು. ತಲೆ ಬಿಸಾಡ್ಬೇಡ, ನನಗೆ ಬೇಕು." ಕಿವಿರನ್ನೂ ಎತ್ತಿ ನೋಡಿಯಾಯಿತು. ಕೆಂಪಗಿತ್ತು.

ಆಕಾಶವೇನೂ ಕಳಚಿ ಬೀಳಲಿಲ್ಲ. ಪಕ್ಕದ ಮೇಜಿನ ಇಂಗ್ಲಿಷ್ ಮಾತು ಒಂದು ಕ್ಷಣ ನಿಂತಿತು. ಆಮೇಲೆ ಆ ಮೇಜಿನಿಂದಲೂ ಒಂದು ದನಿ ಮಾಣಿಯನ್ನು ಕರೆಯಿತು: "ಎಕ್ಸ್‌ಕ್ಯೂಸ್ ಮಿ, ನಮ್ಮದು ಎಷ್ಟು ತೂಕ?"

ಬೆಣ್ಣೆ, ಬೆಳ್ಳುಳ್ಳಿ, ಲಿಂಬೆಯಲ್ಲಿ ಬೆಂದ ಮುರು ಬಂತು. ತಾಯಿ ತಲೆಯ ಕೆನ್ನೆಯ ಭಾಗ ಬಿಡಿಸಿ ಮಗನ ತಟ್ಟೆಗೆ ಹಾಕಿದರು. ಮೀನಿನಲ್ಲಿ ಅದೇ ಸವಿ ಎಂಬುದು ಆಕೆಯ ಪಾಠ. ಬಿಲ್ಲು ಬಂದಾಗ ತಂದೆ ಕನ್ನಡಕ ಏರಿಸಿ, ಮೂವತ್ತು ವರ್ಷದ ಅಭ್ಯಾಸದಿಂದ ಪ್ರತಿ ಸಾಲಿಗೂ ಬೆರಳಿಟ್ಟು ಓದಿದರು. ಸರ್ವಿಸ್ ಚಾರ್ಜನ್ನು ಸೌಜನ್ಯದಿಂದಲೇ ತೆಗೆಸಿದರು. ಹೊಸ ಬಿಲ್ಲು ಬಂತು. ಹೊರಡುವಾಗ 200 ರೂಪಾಯಿಯ ನೋಟೊಂದು ಮಾಣಿಯ ಅಂಗೈ ಸೇರಿತು.

ಆ ರಾತ್ರಿ ಮನೆಯಲ್ಲಿ ಗೊಣಗಾಟ ಇರಲಿಲ್ಲ. ಮೀನು ಚೆನ್ನಾಗಿತ್ತೆಂಬ ಮಾತೇ ಇತ್ತು. ದುಬಾರಿಯಾಗಿತ್ತೆಂಬುದೂ ನಿಜ, ಆದರೆ ಎಷ್ಟು ದುಬಾರಿ ಎಂಬುದು ತಿನ್ನುವ ಮುಂಚೆಯೇ ಗೊತ್ತಿತ್ತು.

ಮಂಜುಗಡ್ಡೆಯ ಮೇಲೆ ಮಲಗಿದ ಮೀನಿಗೆ ಬಾಯಿ ಬರುವುದಿಲ್ಲ ಸರಿ. ಮುಂದೆ ಕೂತ ಗಿರಾಕಿಗೂ ಬಾಯಿ ಇಲ್ಲದಿದ್ದರೆ ಹೇಗೆ?